ದಿನವಿಡೀ ಟೈಪ್ ಮಾಡೋಕೆ ಮೆಕ್ಯಾನಿಕಲ್ ಕೀಬೋರ್ಡ್: ಕೊಡಗಿನ ಮಳೆಗೂ ಕನ್ನಡ ಟೈಪಿಂಗಿಗೂ ಆಗೋದು ಯಾವ್ದು?

ತೋಟದಮನೆ_ನಾಪೋಕ್ಲು:
ಎಲ್ರಿಗೂ ನಮಸ್ಕಾರ. ನಾಪೋಕ್ಲು ಕಡೆ ತೋಟದ ಮನೆಯಿಂದ್ಲೇ ನನ್ನ ಕೆಲಸ. ಇಂಗ್ಲಿಷಿಂದ ಕನ್ನಡಕ್ಕೆ ಅನುವಾದ, ಅದರ ಜೊತೆಗೆ ನಮ್ಮ ತೋಟದ ಚೆಕ್‌ರೋಲು (ಆಳುಗಳ ಹಾಜರಿ, ಕೂಲಿ ಲೆಕ್ಕ), ಕಾಫಿ ಮೆಣಸಿನ ಲೆಕ್ಕ ಎಲ್ಲ ಎಕ್ಸೆಲ್‌ನಲ್ಲಿ ನಾನೇ ಹಾಕೋದು, ಅಂದ್ರೆ ಬೆಳಗ್ಗೆಯಿಂದ ಸಂಜೆ ತನಕ ಕೈ ಕೀಬೋರ್ಡ್ ಮೇಲೇನೇ ಇರ್ತದೆ. ಈಗ ಇರೋದು ಕಂಪ್ಯೂಟರ್ ಜೊತೆಗೆ ಬಂದ ಮಾಮೂಲಿ ಕೀಬೋರ್ಡು. ಜೂನ್ ಬಂತು ಅಂದ್ರೆ ಕೀಗಳು ಒತ್ತಿದ್ರೆ ಮೇಲೆ ಬರೋಕೆ ಸೋಮಾರಿತನ ಮಾಡ್ತವೆ, ಕೆಲವು ಎರಡೆರಡು ಸಲ ಬೀಳ್ತವೆ, ಸಂಜೆ ಹೊತ್ತಿಗೆ ಎಡಗೈ ಕಿರುಬೆರಳು ನೋಯ್ತದೆ.

ಗೇಮು ಆಡೋದಿಲ್ಲ, ಬಣ್ಣಬಣ್ಣದ ಲೈಟು ಬೇಡ. ಹತ್ತು ಸಾವಿರದೊಳಗೆ ಒಂದು ಒಳ್ಳೇದು ತಗೊಂಡು ಹಲವು ವರ್ಷ ಇಟ್ಕೊಳ್ಳೋಣ ಅಂತ. ರೆಡ್, ಬ್ರೌನ್, ಬ್ಲೂ ಅಂತ ಎಲ್ಲ ಕಡೆ ಬರೀತಾರಲ್ಲ, ಅದ್ರಲ್ಲಿ ಯಾವ್ದು? ನಂಬರ್ ಪ್ಯಾಡ್ ಇರೋದು ಬೇಕಾ? ನಮ್ಮ ಈ ತೇವಕ್ಕೆ ತಡ್ಕೊಳ್ತದಾ? ಮುಖ್ಯವಾಗಿ, ಕನ್ನಡ ಟೈಪ್ ಮಾಡೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ, ನಾನು ಓದಿದ ರಿವ್ಯೂಗಳೆಲ್ಲ ಇಂಗ್ಲಿಷ್ ಟೈಪ್ ಮಾಡೋರದ್ದೇ.

ಮಡಿಕೇರಿ_ಕೋಡರ್:
ಅಕ್ಕ, ಮೊದ್ಲು ಒಳಗೆ ಏನಿರ್ತದೆ ಅನ್ನೋದು ಗೊತ್ತಾದ್ರೆ ಆಯ್ಕೆ ಸುಲಭ. ನಿಮ್ಮ ಹಳೇ ಕೀಬೋರ್ಡಲ್ಲಿ ಎಲ್ಲ ಕೀಗಳ ಕೆಳಗೂ ಒಂದೇ ರಬ್ಬರ್ ಹಾಳೆ, ಅದರ ಕೆಳಗೆ ಪ್ಲಾಸ್ಟಿಕ್ ಪದರ. ಕೀಯನ್ನ ಪೂರ್ತಿ ತಳ ಮುಟ್ಟೋ ಹಾಗೆ ಒತ್ತಿದ್ರೆ ಮಾತ್ರ ಅಕ್ಷರ ಬೀಳ್ತದೆ. ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಗೂ ತನ್ನದೇ ಸ್ವಿಚ್ಚು, ಒಳಗೆ ಸ್ಪ್ರಿಂಗು, ಲೋಹದ ಕಾಂಟ್ಯಾಕ್ಟು. ಚೆರ್ರಿ ಎಂಎಕ್ಸ್ ರೆಡ್ ತಗೊಳ್ಳಿ, ಒಟ್ಟು 4 ಮಿ.ಮೀ. ಇಳೀತದೆ, ಆದ್ರೆ 2 ಮಿ.ಮೀ.ಗೇ ಅಕ್ಷರ ಬಿದ್ದಾಯ್ತು. ಉಳಿದರ್ಧ ಒತ್ತೋ ಅಗತ್ಯನೇ ಇಲ್ಲ, ಅದು ಅಭ್ಯಾಸ ಆದ್ಮೇಲೆ ಕೈ ತಾನಾಗೇ ಹಗುರ ಆಗ್ತದೆ.

ಚೆರ್ರಿ ಜರ್ಮನಿಯ ಕಂಪನಿ, 1980ರ ದಶಕದಲ್ಲಿ ಈ ಎಂಎಕ್ಸ್ ಸ್ವಿಚ್ ತಂದದ್ದು. ಪೇಟೆಂಟ್ ಅವಧಿ ಮುಗಿದ್ಮೇಲೆ ಗೇಟರಾನ್, ಕೈಲ್, ಔಟೆಮು ಅಂತ ಚೀನಾದ ಕಂಪನಿಗಳು ಅದೇ ಅಳತೆಯ ಸ್ವಿಚ್ ಮಾಡೋಕೆ ಶುರು ಮಾಡಿದ್ರು, ರೇಟು ಇಳಿದು ನಮ್ಮಂಥೋರ ಕೈಗೆ ಬಂದದ್ದು ಆಮೇಲೇನೇ. ಬಣ್ಣಗಳ ವಿಷ್ಯ ಇಷ್ಟೇ: ರೆಡ್ ನುಣ್ಣಗೆ ಇಳೀತದೆ, ಮಧ್ಯೆ ಏನೂ ಸಿಗಲ್ಲ, ಸುಮಾರು 45 ಗ್ರಾಂ ಒತ್ತಡ. ಬ್ರೌನ್‌ನಲ್ಲಿ ಅಕ್ಷರ ಬೀಳೋ ಜಾಗದಲ್ಲಿ ಬೆರಳಿಗೆ ಸಣ್ಣ ಉಬ್ಬು ಸಿಗ್ತದೆ, 55 ಗ್ರಾಂ. ಬ್ಲೂನಲ್ಲಿ ಉಬ್ಬಿನ ಜೊತೆಗೆ ಟಿಕ್ ಅನ್ನೋ ಶಬ್ದ, 60 ಗ್ರಾಂ ಹತ್ರ. ಬೇರೆ ಕಂಪನಿಯೋರೂ ಹೆಚ್ಚುಕಮ್ಮಿ ಇದೇ ಬಣ್ಣದ ಲೆಕ್ಕ ಹಿಡ್ಕೊಂಡಿದ್ದಾರೆ, ಆದ್ರೆ ತೂಕ ಒಂದೇ ಇರಲ್ಲ, ನೋಡ್ಕೊಂಡು ತಗೋಬೇಕು.

ನನ್ನ ಮಾತು ಕೇಳೋದಾದ್ರೆ ಬಣ್ಣದ ಬಗ್ಗೆ ತಲೆ ಕೆಡಿಸ್ಕೋಬೇಡಿ, ಹಾಟ್ ಸ್ವಾಪ್ ಇರೋ ಬೋರ್ಡ್ ತಗೊಳ್ಳಿ. ಅಂದ್ರೆ ಸ್ವಿಚ್ಚನ್ನ ಬೆಸುಗೆ ಹಾಕಿರಲ್ಲ, ಸಾಕೆಟ್ಟಿಗೆ ಸಿಕ್ಕಿಸಿರ್ತಾರೆ, ಚಿಮಟದ ಥರದ ಪುಲ್ಲರ್‌ನಲ್ಲಿ ಎಳೆದು ಬೇರೆ ಹಾಕ್ಬಹುದು. ಇವತ್ತು ತಗೊಂಡದ್ದು ಕೈಗೆ ಹಿಡಿಸ್ಲಿಲ್ಲ ಅಂದ್ರೆ ಸ್ವಿಚ್ ಮಾತ್ರ ಬದ್ಲಾಯಿಸಿದ್ರೆ ಸಾಕು.

ಕುಶಾಲನಗರ_ಲೆಕ್ಕಪತ್ರ:
ನಾನು ಕಾಫಿ ವ್ಯಾಪಾರದ ಲೆಕ್ಕ ನೋಡೋನು, ಟ್ಯಾಲಿ ಮತ್ತೆ ಜಿಎಸ್‌ಟಿ ಬಿಟ್ರೆ ಬೇರೆ ಕೆಲಸ ಇಲ್ಲ. ಮೇಡಂ, ನೀವು ಚೆಕ್‌ರೋಲು ಹಾಕ್ತೀರಿ ಅಂದ್ರಲ್ಲ, ಹಾಗಾದ್ರೆ ನಂಬರ್ ಪ್ಯಾಡ್ ಬಿಡ್ಲೇಬೇಡಿ. ಮೇಲಿನ ಸಾಲಿನ ಅಂಕಿಗಳಲ್ಲಿ ಕೂಲಿ ಲೆಕ್ಕ ಹೊಡೆಯೋದು ಹಿಂಸೆ. ಡಿಸೆಂಬರ್ ಜನವರಿಯಲ್ಲಿ ಹಣ್ಣು ಕುಯ್ಲು ಶುರುವಾದ್ರೆ ದಿನಾ ಎಷ್ಟು ಸಾಲು ಅಂಕಿ ಹಾಕ್ಬೇಕು ಅಂತ ನಿಮಗೇ ಗೊತ್ತು.

ನನ್ನತ್ರ ಇರೋದು ಟಿವಿಎಸ್ ಗೋಲ್ಡ್. ನೀವೆಲ್ಲ ಬ್ಯಾಂಕ್ ಕೌಂಟರಲ್ಲಿ ನೋಡಿರ್ತೀರಿ, ಟಕಟಕ ಅಂತ ಶಬ್ದ ಮಾಡೋ ದಪ್ಪ ಕೀಬೋರ್ಡು. ನನ್ನದರ ಒಳಗಿರೋದು ಚೆರ್ರಿ ಬ್ಲೂ ಸ್ವಿಚ್ಚೇ, 104 ಕೀ, ನಂಬರ್ ಪ್ಯಾಡ್ ಇದೆ, ವೈರಿಂದು. ಕುಶಾಲನಗರದ ಹವೆಗೆ ನನ್ನದು ಒಂದೇ ಒಂದು ಸಲ ತಕರಾರು ಮಾಡಿಲ್ಲ. ನಿಮ್ಮ ಬಜೆಟ್‌ನ ಅರ್ಧಕ್ಕಿಂತ ಕಮ್ಮಿಗೆ ಸಿಗ್ತದೆ. ಫೋಟೋಗೆ ಚಂದ ಕಾಣ್ಲಿಕ್ಕಿಲ್ಲ, ಆದ್ರೆ ಕೆಲಸಕ್ಕೆ ಇದಕ್ಕಿಂತ ಗಟ್ಟಿ ನಾನು ನೋಡಿಲ್ಲ.

ಗೋಣಿಕೊಪ್ಪ_ರಿಪೇರಿ:
ಲೆಕ್ಕಪತ್ರ ಅಣ್ಣಂದು ನಿಜ, ಆದ್ರೆ ಕುಶಾಲನಗರದ ಮಳೆ ಬೇರೆ, ನಾಪೋಕ್ಲು ಭಾಗಮಂಡಲದ ಮಳೆ ಬೇರೆ. ನನ್ನ ಟೇಬಲ್‌ಗೆ ಆಗಸ್ಟಲ್ಲಿ ಬರೋ ಕೀಬೋರ್ಡುಗಳನ್ನ ನೋಡಿ ಹೇಳ್ತಿದೀನಿ.

ಎರಡೆರಡು ಸಲ ಅಕ್ಷರ ಬೀಳ್ತದೆ ಅಂದ್ರಲ್ಲ, ಮೆಕ್ಯಾನಿಕಲ್‌ನಲ್ಲೂ ಅದು ಬರ್ತದೆ. ಒಳಗಿನ ಎರಡು ಲೋಹದ ಎಲೆಗಳು ಮುಟ್ಟುವಾಗ ಸ್ವಲ್ಪ ಪುಟಿಯುತ್ತವೆ, ಆ ಪುಟಿತವನ್ನ ಕೆಲವು ಮಿಲಿಸೆಕೆಂಡು ಲೆಕ್ಕಕ್ಕೆ ತಗೋಬಾರ್ದು ಅಂತ ಕೀಬೋರ್ಡಿನ ಪ್ರೋಗ್ರಾಮಲ್ಲೇ ಬರ್ದಿರ್ತಾರೆ. ಕಾಂಟ್ಯಾಕ್ಟ್ ಮೇಲೆ ತೇವ, ಧೂಳು ಕೂತು ಕಿಲುಬು ಹಿಡಿದ್ರೆ ಪುಟಿತ ಜಾಸ್ತಿ ಆಗಿ ಆ ಲೆಕ್ಕ ತಪ್ತದೆ, ಒಂದು ಒತ್ತಿದ್ರೆ ಎರಡು ಬೀಳ್ತದೆ. ಬೆಸುಗೆ ಹಾಕಿದ ಬೋರ್ಡಾದ್ರೆ ಆ ಒಂದು ಸ್ವಿಚ್ಚಿಗೋಸ್ಕರ ಪೂರ್ತಿ ಬಿಚ್ಚಿ, ಬೆಸುಗೆ ಹೀರಿ, ಹೊಸದು ಕೂರಿಸ್ಬೇಕು. ಹಾಟ್ ಸ್ವಾಪ್ ಆದ್ರೆ ನೀವೇ ಮನೇಲಿ ಎಳೆದು ಹೊಸದು ಸಿಕ್ಕಿಸ್ತೀರಿ, ಅಷ್ಟೇ ಕೆಲಸ. ಮಳೆ ಜಾಸ್ತಿ ಇರೋ ಊರಲ್ಲಿ ಹಾಟ್ ಸ್ವಾಪ್ ಶೋಕಿ ಅಲ್ಲ ಮಾರಾಯ್ರೇ, ಅವಶ್ಯಕತೆ. ಹತ್ತಿಪ್ಪತ್ತು ಸ್ವಿಚ್ ಎಕ್ಸ್‌ಟ್ರಾ ತಗೊಂಡು ಗಾಳಿಯಾಡದ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಟ್ಬಿಡಿ.

ಸ್ವಿಚ್ಚಲ್ಲಿ ಕೈಲ್ ಬಾಕ್ಸ್ ಅಂತ ಬರ್ತದೆ, ಅದನ್ನ ನೋಡಿ. ಅದ್ರಲ್ಲಿ ಕಾಂಟ್ಯಾಕ್ಟು ಒಂದು ಸಣ್ಣ ಪೆಟ್ಟಿಗೆ ಒಳಗೆ ಮುಚ್ಚಿರ್ತದೆ, ಧೂಳು ನೀರಿಗೆ ಐಪಿ56 ರೇಟಿಂಗ್ ಇದೆ. ಹಾಗಂತ ಬೋರ್ಡ್ ಪೂರ್ತಿ ವಾಟರ್‌ಪ್ರೂಫ್ ಅಂತ ತಿಳ್ಕೋಬೇಡಿ, ಸ್ವಿಚ್ಚಿಗೆ ಮಾತ್ರ ಆ ರಕ್ಷಣೆ. ಹಳೇ ಸ್ಟಾಕ್ ಎಲ್ಲಾದ್ರೂ ಕಮ್ಮಿಗೆ ಕೊಡ್ತೀನಿ ಅಂದ್ರೆ ಬೇಡ, ಮೊದಮೊದಲ ಬಾಕ್ಸ್ ಸ್ವಿಚ್ಚುಗಳ ಕಾಂಡ ಸ್ವಲ್ಪ ದಪ್ಪ ಇದ್ದು ಕೀಕ್ಯಾಪ್ (ಕೀ ಮೇಲಿನ ಪ್ಲಾಸ್ಟಿಕ್ ಟೊಪ್ಪಿ) ಸೀಳ್ತಿತ್ತು, ಆಮೇಲೆ ಅಳತೆ ಸರಿ ಮಾಡಿದ್ರು.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ಇರುವೆ. ಮಳೆಗಾಲದಲ್ಲಿ ಬೆಚ್ಚಗಿರೋ ಜಾಗ ಹುಡುಕ್ಕೊಂಡು ಸಣ್ಣ ಇರುವೆಗಳು ರೂಟರ್, ಕೀಬೋರ್ಡ್ ಒಳಗೆಲ್ಲ ಗೂಡು ಕಟ್ತವೆ. ಟೇಬಲ್ ಮೇಲೆ ಬೆಲ್ಲದ ಕಾಪಿ ಲೋಟ ಇಡೋರಾದ್ರೆ ಇನ್ನೂ ಜಾಸ್ತಿ. ಕಾಪಿ ಚೆಲ್ಲಿದ್ರೆ ತಕ್ಷಣ ವೈರ್ ಕಿತ್ತು ಕೀಬೋರ್ಡ್ ಬೋರಲು ಹಾಕಿ, ಕೀಕ್ಯಾಪ್ ಸ್ವಿಚ್ ತೆಗೆದು, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬ್ರಷ್ ಹಾಕಿ ಒರೆಸಿ ಪೂರ್ತಿ ಒಣಗಿಸಿ. 70 ಪರ್ಸೆಂಟ್‌ದ್ರಲ್ಲಿ ಉಳಿದ 30 ಪರ್ಸೆಂಟ್ ನೀರೇ ಇರ್ತದೆ, ಬೇಡ. ತುಕ್ಕಿಗೆ ಹೊಡೆಯೋ ಡಬ್ಲ್ಯೂಡಿ 40 ಸ್ಪ್ರೇ ಅಂತೂ ಸ್ವಿಚ್ ಒಳಗೆ ಹೊಡೀಬೇಡಿ, ಅದರ ಎಣ್ಣೆ ಉಳ್ಕೊಂಡು ಧೂಳು ಎಳೀತದೆ.

ಸೋಮವಾರಪೇಟೆ_ಮೇಷ್ಟ್ರು:
ಬೇಜಾರು ಮಾಡ್ಕೋಬೇಡಿ, ಒಂದು ಮಾತು. ಕಿರುಬೆರಳು ನೋವಿಗೆ ಕೀಬೋರ್ಡೇ ಕಾರಣ ಅಂತ ಯಾಕೆ? ಮೊದ್ಲು ಟೇಬಲ್ ಎತ್ತರ ನೋಡಿ. ನಮ್ಮ ಹಳೇ ಮನೆಗಳ ಬೀಟೆ ಟೇಬಲುಗಳು ಕೈಯಲ್ಲಿ ಬರೆಯೋಕೆ ಅಂತ ಮಾಡಿದ್ದು, ಟೈಪಿಂಗಿಗೆ ಅವು ಎತ್ತರ. ಅದರ ಮೇಲೆ ದಪ್ಪ ಮೆಕ್ಯಾನಿಕಲ್ ಕೀಬೋರ್ಡ್ ಇಟ್ರೆ ಮಣಿಕಟ್ಟು ಇನ್ನೂ ಮೇಲಕ್ಕೆ ಮಡಿಸ್ಬೇಕು. ಕುರ್ಚಿ ಎತ್ತರಿಸಿ ಕಾಲ ಕೆಳಗೆ ಮಣೆ ಇಡಿ, ಕೀಬೋರ್ಡಿನ ಹಿಂದಿನ ಕಾಲು ಮಡಚಿ ಚಪ್ಪಟೆ ಇಡಿ. ಮೊಣಕೈ ಮತ್ತೆ ಮಣಿಕಟ್ಟು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಬರ್ಬೇಕು. ಇಷ್ಟು ಮಾಡಿಯೂ ನೋವು ಹೋಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ತೋರ್ಸಿ, ಕೀಬೋರ್ಡ್ ಔಷಧಿ ಅಲ್ಲ.

ವಿರಾಜಪೇಟೆ_ಡಿಟಿಪಿ:
ಮೇಷ್ಟ್ರೇ ನೀವು ಹೇಳಿದ್ದು ಸರಿ, ಆದ್ರೆ ತಂಗಿಯ ಕಿರುಬೆರಳು ಯಾಕೆ ನೋಯ್ತದೆ ಅಂತ ನನಗೆ ಓದಿದ ಕೂಡ್ಲೇ ಗೊತ್ತಾಯ್ತು. ನಾನು ವರ್ಷಗಟ್ಟಲೆ ಆಮಂತ್ರಣ ಪತ್ರ, ಕ್ರಯಪತ್ರ, ಅರ್ಜಿ ಅಂತ ಕನ್ನಡವೇ ಟೈಪ್ ಮಾಡ್ತಾ ಬಂದವಳು. ತಂಗಿ, ನೀನು ನುಡಿ ಸಾಫ್ಟ್‌ವೇರಿನ ಕನ್ನಡ ಕೀಲಿಮಣೆ ತಾನೇ ಬಳಸೋದು?

ನುಡಿಯಲ್ಲಿರೋದು ಕೆ.ಪಿ. ರಾವ್ ಅವರ ವಿನ್ಯಾಸ. ಇಂಗ್ಲಿಷಿನ 26 ಕೀಗಳಲ್ಲೇ ಕನ್ನಡ ಪೂರ್ತಿ ಕೂರಿಸಿದ್ದಾರೆ, ಬಹಳ ಒಳ್ಳೇ ವಿನ್ಯಾಸ, ನನ್ನ ಅನ್ನ ಅದರಿಂದ್ಲೇ. ಆದ್ರೆ ಅಷ್ಟು ಕಮ್ಮಿ ಕೀಗಳಲ್ಲಿ ಕೂರಿಸಿದ್ದಕ್ಕೆ ಶಿಫ್ಟ್ ಬೇಕೇಬೇಕು. ಮಹಾಪ್ರಾಣ ಎಲ್ಲ ಶಿಫ್ಟ್, ದೀರ್ಘ ಎಲ್ಲ ಶಿಫ್ಟ್, ಅನುಸ್ವಾರ ಶಿಫ್ಟ್. ಒತ್ತಕ್ಷರ ಕೊಡೋದು ಎಫ್ ಕೀ. ಸ್ವಾತಂತ್ರ್ಯ ಅಂತ ಹೊಡಿ ನೋಡು, ಎಫ್ ಮೂರು ಸಲ, ಶಿಫ್ಟ್ ಎರಡು ಸಲ. ಇಂಗ್ಲಿಷ್ ಟೈಪ್ ಮಾಡೋನಿಗೆ ಶಿಫ್ಟ್ ಬೇಕಾಗೋದು ವಾಕ್ಯ ಶುರುವಾದಾಗ, ಹೆಸರು ಬಂದಾಗ. ನಮಗೆ ಒಂದು ಸಾಲಲ್ಲಿ ಎಷ್ಟು ಸಲ ಅಂತ ನೀನೇ ಎಣಿಸು. ಶಿಫ್ಟ್ ಒತ್ತೋದು ಯಾವ ಬೆರಳು? ಕಿರುಬೆರಳು. ಹತ್ತರಲ್ಲಿ ಎಲ್ಲಕ್ಕಿಂತ ಬಲ ಇಲ್ಲದ್ದು. ಅದೂ ನಮ್ಮಲ್ಲಿ ಹೆಚ್ಚಿನವರು ಬಲಗಡೆ ಶಿಫ್ಟ್ ಮುಟ್ಟೋದೇ ಇಲ್ಲ, ಎಲ್ಲ ಎಡಗಡೆಯದ್ರಲ್ಲೇ ಮುಗಿಸ್ತಾರೆ. ಎಫ್ ಒತ್ತೋದೂ ಎಡಗೈ. ನಿನ್ನ ಎಡಗೈ ನೋಯದೆ ಇನ್ಯಾವುದು ನೋಯ್ಬೇಕು?

ಇನ್‌ಸ್ಕ್ರಿಪ್ಟ್ ಅನ್ನೋ ಇನ್ನೊಂದು ಕೀಲಿ ವಿನ್ಯಾಸ ಬಳಸೋರಿಗೂ ಇದೇ ಕತೆ, ಅಲ್ಲಿ ಒತ್ತಿಗೆ ಡಿ ಕೀ, ಅದೂ ಎಡಗೈಯೇ, ಮಹಾಪ್ರಾಣಕ್ಕೆ ಶಿಫ್ಟೇ. ಹಾಗಾಗಿ ಕನ್ನಡದವರು ಕೀಬೋರ್ಡ್ ನೋಡುವಾಗ ಮೊದ್ಲು ಶಿಫ್ಟ್ ಕೀ ನೋಡ್ಬೇಕು. ಎಡಗಡೆ ಶಿಫ್ಟ್ ಪೂರ್ತಿ ಉದ್ದ ಇರ್ಬೇಕು. ಕೆಲವು ಬೋರ್ಡಲ್ಲಿ ಅದನ್ನ ಮೊಟಕು ಮಾಡಿ ಪಕ್ಕದಲ್ಲಿ ಇನ್ನೊಂದು ಕೀ ತುರುಕಿರ್ತಾರೆ, ಅದನ್ನ ತಗೋಬೇಡ, ದೀರ್ಘ ಹೊಡೆಯೋಕೆ ಹೋದ್ರೆ ಇನ್ನೇನೋ ಬೀಳ್ತದೆ. ಉದ್ದ ಕೀಗಳ ಕೆಳಗೆ ಸ್ಟೆಬಿಲೈಸರ್ ಅಂತ ತಂತಿ ಇರ್ತದೆ, ಅದು ಸರಿ ಇಲ್ಲದಿದ್ರೆ ಶಿಫ್ಟಿನ ತುದಿಯಲ್ಲಿ ಒತ್ತಿದಾಗ ಒಂದು ಕಡೆ ವಾಲಿ ಗಟ್ಟಿ ಆಗ್ತದೆ, ಗಿಲಗಿಲ ಶಬ್ದ ಬೇರೆ. ಎಫ್ ಮೇಲಿನ ಸಣ್ಣ ಗೀಟು ಬೆರಳಿಗೆ ಚೆನ್ನಾಗಿ ಸಿಗ್ಬೇಕು. ಇದೆಲ್ಲ ಆದ್ಮೇಲೆ ರೆಡ್ಡೋ ಬ್ರೌನೋ ನೋಡ್ಕೋ.

ಕೀ ಮೇಲೆ ಅಂಟಿಸೋ ಕನ್ನಡ ಸ್ಟಿಕ್ಕರ್ ಬಗ್ಗೆ ಕೇಳೋರಿದ್ರೆ, ನಮ್ಮ ತೇವಕ್ಕೆ ಅಂಚು ಏಳ್ತದೆ, ಬೆರಳಿಗೆ ಅಂಟ್ತದೆ. ನೋಡದೆ ಹೊಡೆಯೋದು ಕಲ್ತುಬಿಡಿ.

ತೋಟದಮನೆ_ನಾಪೋಕ್ಲು:
ಅಕ್ಕ, ಕೈ ಮುಗಿದೆ. ಹೌದು ನುಡಿಯೇ, ಬಲಗಡೆ ಶಿಫ್ಟ್ ನಾನು ಯಾವತ್ತೂ ಮುಟ್ಟಿಲ್ಲ ಅನ್ನೋದೂ ನಿಜ. ನಿನ್ನೆ ಸಂಜೆ ಇದನ್ನೇ ಗಮನಿಸ್ತಾ ಕೂತಿದ್ದೆ, ಒಂದು ಪ್ಯಾರಾದಲ್ಲೇ ಕಿರುಬೆರಳು ಕೆಳಗೆ ಮೇಲೆ ಓಡಾಡ್ತಾನೇ ಇರ್ತದೆ. ಮೇಷ್ಟ್ರು ಹೇಳಿದ ಹಾಗೆ ಕುರ್ಚಿನೂ ಎತ್ತರಿಸಿದೆ.

ಈಗ ಎರಡು ಪ್ರಶ್ನೆ. ಶಿಫ್ಟಿಗೆ ಮಾತ್ರ ಹಗುರ ಸ್ವಿಚ್ ಹಾಕ್ಬಹುದಾ? ಮತ್ತೆ ನನಗೆ ಆಗಾಗ ವಿಡಿಯೋ ಕಾಲ್ ಇರ್ತದೆ, ಅತ್ತೆ ಮಧ್ಯಾಹ್ನ ಪಕ್ಕದ ರೂಮಲ್ಲೇ ಮಲಗ್ತಾರೆ, ಟಿವಿಎಸ್ ಗೋಲ್ಡ್ ಶಬ್ದ ಹೇಗೆ?

ಕುಶಾಲನಗರ_ಲೆಕ್ಕಪತ್ರ:
ಅತ್ತೆ ಪಕ್ಕದ ರೂಮಲ್ಲಿ ಮಲಗೋದಾದ್ರೆ ಬೇಡ ಮೇಡಂ. ಶಬ್ದ ಜೋರೇ. ಹಂಚಿನ ಮಾಡಿನ ಮೇಲೆ ಜುಲೈ ಮಳೆ ಹೊಯ್ಯುವಾಗ ಕೇಳ್ಸಲ್ಲ, ಉಳಿದ ಕಾಲದಲ್ಲಿ ಕೇಳ್ಸೇ ಕೇಳ್ಸ್ತದೆ. ಅದು ಬೆಸುಗೆ ಹಾಕಿದ ಬೋರ್ಡು ಕೂಡ, ಸ್ವಿಚ್ ಬದ್ಲಾಯಿಸೋಕೆ ಆಗಲ್ಲ. ಅಂಗಡಿ, ಆಫೀಸಿಗೆ ಮಾತ್ರ ನನ್ನ ಶಿಫಾರಸು.

ಮಡಿಕೇರಿ_ಕೋಡರ್:
ಡಿಟಿಪಿ ಅಕ್ಕನ ಪೋಸ್ಟ್ ಓದಿ ನನಗೂ ಹೊಸ ವಿಷ್ಯ ತಿಳೀತು, ಕೋಡ್ ಬರೆಯೋರಿಗೆ ಈ ಕಷ್ಟ ಗೊತ್ತೇ ಆಗಲ್ಲ. ಶಿಫ್ಟಿಗೆ ಮಾತ್ರ ಬೇರೆ ಸ್ವಿಚ್ ಖಂಡಿತ ಹಾಕ್ಬಹುದು, ಹಾಟ್ ಸ್ವಾಪ್‌ನ ನಿಜವಾದ ಲಾಭ ಅದೇ. ಬೋರ್ಡ್ ಪೂರ್ತಿ ಬ್ರೌನ್ ಥರದ್ದು ಇಟ್ಟು, ಎರಡು ಶಿಫ್ಟಿಗೂ ಎ ಕೀಗೂ 45 ಗ್ರಾಂ ಅಥವಾ ಅದಕ್ಕಿಂತ ಹಗುರದ ಲೀನಿಯರ್ (ರೆಡ್ ಥರ ಉಬ್ಬಿಲ್ಲದೆ ನುಣ್ಣಗೆ ಇಳಿಯೋದು) ಹಾಕಿ. ಕಿರುಬೆರಳಿಗೆ ಉಬ್ಬು ದಾಟೋ ಕೆಲಸ ತಪ್ತದೆ.

ಇನ್ನೂ ಒಳ್ಳೇ ದಾರಿ ಸಾಫ್ಟ್‌ವೇರಿಂದು. ಕ್ಯೂಎಂಕೆ ಅಂತ ಓಪನ್ ಸೋರ್ಸ್ ಫರ್ಮ್‌ವೇರ್ (ಕೀಬೋರ್ಡ್ ಒಳಗೇ ಓಡೋ ಪ್ರೋಗ್ರಾಮು) ಇದೆ, ಅದನ್ನ ಹಾಕಿರೋ ಕೀಬೋರ್ಡಲ್ಲಿ ಯಾವ ಕೀ ಏನು ಮಾಡ್ಬೇಕು ಅನ್ನೋದನ್ನ ವಯಾ ಅನ್ನೋ ಪ್ರೋಗ್ರಾಮಲ್ಲಿ ನೀವೇ ಬದ್ಲಾಯಿಸ್ಬಹುದು, ಬದ್ಲಾವಣೆ ಕೀಬೋರ್ಡ್ ಒಳಗೇ ಉಳೀತದೆ, ಬೇರೆ ಕಂಪ್ಯೂಟರಿಗೆ ಚುಚ್ಚಿದ್ರೂ ಹಾಗೇ ಇರ್ತದೆ. ಅದ್ರಲ್ಲಿ ಒನ್ ಶಾಟ್ ಶಿಫ್ಟ್ ಅಂತ ಒಂದುಂಟು. ಶಿಫ್ಟನ್ನ ಹಿಡ್ಕೊಳ್ಳೋದೇ ಬೇಡ, ಒಂದು ಸಲ ತಟ್ಟಿ ಬಿಟ್ಟು ಆಮೇಲೆ ಅಕ್ಷರ ಒತ್ತಿದ್ರೆ ಆಯ್ತು. ಸ್ಪೇಸ್ ಬಾರಿನ ಪಕ್ಕದ ಆಲ್ಟ್ ಕೀಯನ್ನೇ ಒನ್ ಶಾಟ್ ಶಿಫ್ಟ್ ಮಾಡಿದ್ರೆ ಹೆಬ್ಬೆರಳಲ್ಲಿ ತಟ್ಟಬಹುದು, ಕಿರುಬೆರಳಿಗೆ ಪೂರ್ತಿ ರಜೆ. ಸ್ಪೇಸ್ ಬಾರನ್ನೇ ಒತ್ತಿ ಹಿಡಿದ್ರೆ ಶಿಫ್ಟ್ ಆಗೋ ಹಾಗೂ ಮಾಡ್ಬಹುದು, ಆದ್ರೆ ವೇಗವಾಗಿ ಹೊಡೆಯೋರಿಗೆ ಪದಗಳ ನಡುವೆ ತಪ್ಪು ಬೀಳೋದು ಜಾಸ್ತಿ, ನಾನು ಅದನ್ನ ಹೇಳಲ್ಲ.

ಕೀಬೋರ್ಡ್ ಬರೋ ಮೊದ್ಲೇ ಇದನ್ನ ಪುಕ್ಕಟೆ ಪರೀಕ್ಷೆ ಮಾಡಿ ನೋಡಿ. ವಿಂಡೋಸ್‌ನಲ್ಲಿ ಶಿಫ್ಟನ್ನ ಐದು ಸಲ ತಟ್ಟಿದ್ರೆ ಸ್ಟಿಕಿ ಕೀಸ್ ಬೇಕಾ ಅಂತ ಕೇಳ್ತದೆ, ನಾವೆಲ್ಲ ಬೇಡ ಅಂತ ಮುಚ್ಚೋದು ಅದನ್ನೇ. ಅದಕ್ಕೆ ಹೌದು ಅನ್ನಿ. ಲಿನಕ್ಸ್ ಬಳಸೋರಿಗೂ ಇದೆ, ಅಲ್ಲಿ ಕಗಪ ವಿನ್ಯಾಸ (ನುಡಿಯಲ್ಲಿರೋ ಥರದ್ದೇ) ಸೆಟ್ಟಿಂಗ್ಸಲ್ಲೇ ಸಿಗ್ತದೆ, ಬೇರೆ ಏನೂ ಹಾಕ್ಬೇಕಿಲ್ಲ.

ಮಾಡೆಲ್ ಹೇಳೋದಾದ್ರೆ ಕೀಕ್ರಾನ್ ವಿ ಸರಣಿ ನೋಡಿ. ವೈರಿಂದು, ಹಾಟ್ ಸ್ವಾಪ್, ಕ್ಯೂಎಂಕೆ ವಯಾ ಎರಡೂ, ಪಿಬಿಟಿ ಕೀಕ್ಯಾಪ್. ಪಿಬಿಟಿ ಪ್ಲಾಸ್ಟಿಕ್ ಅಂದ್ರೆ ವರ್ಷಗಟ್ಟಲೆ ಬಳಸಿದ್ರೂ ಎಬಿಎಸ್ ಪ್ಲಾಸ್ಟಿಕ್ ಥರ ಬೇಗ ಜಿಡ್ಡು ಹೊಳಪು ಬರಲ್ಲ. ವಿ6 ಪೂರ್ತಿ ಉದ್ದದ್ದು, ವಿ5 ನಂಬರ್ ಪ್ಯಾಡ್ ಇದ್ರೂ ಕೀಗಳನ್ನ ಒತ್ತಟ್ಟಿಗೆ ಸೇರಿಸಿ ಅಗಲ ಕಮ್ಮಿ ಮಾಡಿದ್ದು, ವಿ3 ನಂಬರ್ ಪ್ಯಾಡ್ ಇಲ್ಲದ್ದು. ನಿಮಗೆ ವಿ5 ಸರಿ ಅಂತ ನನ್ನ ಲೆಕ್ಕ, ಮೌಸ್ ದೂರ ಹೋಗಲ್ಲ, ಭುಜಕ್ಕೆ ಒಳ್ಳೇದು.

ಪೊನ್ನಂಪೇಟೆ_ಹುಡುಗ:
ಅಣ್ಣ, ಹಾಲ್ ಎಫೆಕ್ಟ್ ಯಾಕೆ ಬೇಡ? ಅದ್ರಲ್ಲಿ ಲೋಹದ ಕಾಂಟ್ಯಾಕ್ಟೇ ಇಲ್ಲ, ಆಯಸ್ಕಾಂತ ಕೆಳಗೆ ಬಂದದ್ದನ್ನ ಸೆನ್ಸರ್ ನೋಡ್ತದೆ. ಕಿಲುಬು ಹಿಡಿಯೋ ಪ್ರಶ್ನೆನೇ ಇಲ್ವಲ್ಲ? ಮತ್ತೆ ವೈರ್‌ಲೆಸ್ ಇದ್ರೆ ಕರೆಂಟ್ ಹೋದಾಗ ಮೊಬೈಲಿಗೇ ಕನೆಕ್ಟ್ ಮಾಡಿ ಟೈಪ್ ಮಾಡ್ಬಹುದು.

ಗೋಣಿಕೊಪ್ಪ_ರಿಪೇರಿ:
ಒಳ್ಳೇ ಪ್ರಶ್ನೆ ಕಣಪ್ಪ. ಕಾಂಟ್ಯಾಕ್ಟ್ ಕಿಲುಬು ಹಿಡಿಯಲ್ಲ ಅನ್ನೋದು ನಿಜ. ಆದ್ರೆ ಬೋರ್ಡಿನ ಮೇಲಿನ ಚಿಪ್ಪು, ಯುಎಸ್‌ಬಿ ಸಾಕೆಟ್ಟಿಗೆ ತೇವ ಹಿಡಿಯೋದು ಎಲ್ಲ ಕೀಬೋರ್ಡಿಗೂ ಒಂದೇ. ಹಾಲ್ ಎಫೆಕ್ಟ್ ಬೋರ್ಡಿಗೆ ಮಾಮೂಲಿ ಎಂಎಕ್ಸ್ ಸ್ವಿಚ್ ಸಾಮಾನ್ಯವಾಗಿ ಕೂರಲ್ಲ, ಅದಕ್ಕೆ ಹೊಂದೋ ಮ್ಯಾಗ್ನೆಟಿಕ್ ಸ್ವಿಚ್ಚೇ ಬೇಕು, ಅವು ಹೆಚ್ಚಿನವು ಲೀನಿಯರ್ರೇ. ಉಬ್ಬು ಬೇಕು ಅನ್ನೋರಿಗೆ ಆಯ್ಕೆ ಕಮ್ಮಿ. ಅದು ಗೇಮ್ ಆಡೋರಿಗೆ ಅಂತ ಬೆಳೆದ ವಿಷ್ಯ, ನಿನಗೆ ಬೇಕಾದ್ರೆ ತಗೋ, ಅಕ್ಕನ ಕೆಲಸಕ್ಕೆ ಆ ದುಡ್ಡು ದಂಡ.

ವೈರ್‌ಲೆಸ್ ಬಗ್ಗೆ, ಮೇಜಿನ ಮೇಲೆ ಒಂದೇ ಕಡೆ ಇರೋ ಕೀಬೋರ್ಡಿಗೆ ಬ್ಯಾಟರಿ ಯಾಕೆ? ಅದೂ ಒಂದು ದಿನ ಬದ್ಲಾಯಿಸ್ಬೇಕಾಗೋ ವಸ್ತುವೇ. ವೈರಿಂದೇ ತಗೊಳ್ಳಿ, ಆದ್ರೆ ವೈರು ಬಿಚ್ಚೋಕೆ ಬರೋ ಟೈಪ್ ಸಿ ಇರ್ಲಿ, ಇಲಿ ಕಡಿದ್ರೂ ಹೊಸ ವೈರ್ ಹಾಕಿದ್ರೆ ಆಯ್ತು. ಏಪ್ರಿಲ್ ಮೇ ಗುಡುಗು ಸಿಡಿಲಿಗೆ ಕಂಪ್ಯೂಟರಿನ ಪ್ಲಗ್ಗು, ಇಂಟರ್ನೆಟ್ ವೈರು ಎರಡನ್ನೂ ಗೋಡೆಯಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ.

ತೋಟದಮನೆ_ನಾಪೋಕ್ಲು:
ಒಂದು ಅಪ್ಡೇಟ್ ಕೊಡ್ತಿದೀನಿ. ಸ್ಟಿಕಿ ಕೀಸ್ ಹಾಕಿ ಕೆಲಸ ಮಾಡ್ತಾ ಇದೀನಿ, ಮೊದಮೊದ್ಲು ಕೈ ತಡವರಿಸ್ತು, ಈಗ ಕಿರುಬೆರಳಿಗೆ ನಿಜವಾಗ್ಲೂ ಆರಾಮ ಇದೆ, ಹಳೇ ಕೀಬೋರ್ಡಲ್ಲೇ! ಶುಕ್ರವಾರ ಸಂತೆ ದಿನ ನಾನು ಮಡಿಕೇರಿಗೆ ಹೋದಾಗ ಕೋಡರ್ ಅವರು ಸಿಕ್ಕಿ ಅವರ ಸ್ವಿಚ್ ಟೆಸ್ಟರ್ ತೋರ್ಸಿದ್ರು, ಸಣ್ಣ ಹಲಗೆ ಮೇಲೆ ಬೇರೆಬೇರೆ ಸ್ವಿಚ್ ಸಾಲಾಗಿ ಇರೋದು. ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಒತ್ತಿ ನೋಡೋಕೆ ಇಂಥದ್ದು ನನಗೆಲ್ಲೂ ಸಿಕ್ಕಿರ್ಲಿಲ್ಲ, ಹಾಗಾಗಿ ಇದು ದೊಡ್ಡ ಉಪಕಾರ. ಓದಿ ನನಗೆ ಬ್ರೌನ್ ಬೇಕು ಅನ್ನಿಸಿತ್ತು, ಬೆರಳಿಟ್ಟು ನೋಡಿದ್ರೆ ಆ ಉಬ್ಬು ನನಗೆ ಅಡ್ಡಿ ಅನ್ನಿಸ್ತು, ಹಗುರ ಲೀನಿಯರ್ರೇ ಹಿಡಿಸ್ತು.

ಕೊನೆಗೆ ವಿ5 ರೆಡ್ ಆರ್ಡರ್ ಮಾಡಿದೆ. ಎಡಗಡೆ ಶಿಫ್ಟ್ ಪೂರ್ತಿ ಉದ್ದ ಇದೆಯಾ ಅಂತ ಫೋಟೋ ದೊಡ್ಡದು ಮಾಡಿ ನೋಡಿಯೇ ಒತ್ತಿದ್ದು ಅಕ್ಕ! ಜೊತೆಗೆ ಸ್ವಲ್ಪ ಬಾಕ್ಸ್ ರೆಡ್ ಬೇರೆ ತರಿಸಿ ಶಿಫ್ಟ್, ಎಫ್ ಥರ ಜಾಸ್ತಿ ಬಳಸೋ ಕೀಗಳಿಗೆ ಹಾಕೋಣ ಅಂತ. ತೋಟಕ್ಕೆ ಕೊರಿಯರ್ ಬರಲ್ಲ, ಪೇಟೆಯಲ್ಲಿ ಗೊತ್ತಿರೋ ಅಂಗಡಿ ವಿಳಾಸ ಕೊಟ್ಟಿದೀನಿ. ಮಳೆಗಾಲದಲ್ಲಿ ರಾತ್ರಿ ಎಲ್ಲಿಡ್ಲಿ? ಬಟ್ಟೆ ಬೂಸ್ಟು ಹಿಡೀದೆ ಇರ್ಲಿ ಅಂತ ಬಲ್ಬ್ ಹಾಕಿಡೋ ಬೀರುವಿನಲ್ಲಿ ಇಡ್ಬಹುದಾ?

ಗೋಣಿಕೊಪ್ಪ_ರಿಪೇರಿ:
ಬೀರುವಿನಲ್ಲಿ ಇಡ್ಬಹುದು, ಬಲ್ಬಿಗೆ ಹತ್ರ ಬೇಡ, ಕೆಳಗಿನ ತಟ್ಟಿನಲ್ಲಿಡಿ. ಅಡುಗೆಮನೆ ಒಲೆ ಹತ್ರ ಮಾತ್ರ ಇಡ್ಬೇಡಿ, ಮಸಿ ಜಿಡ್ಡು ಒಳಗೆ ಸೇರ್ತದೆ. ದಿನಾ ಬಳಸ್ತಾ ಇದ್ರೆ ಮೇಜಿನ ಮೇಲೇ ಬಟ್ಟೆ ಮುಚ್ಚಿಟ್ರೂ ನಡೀತದೆ, ನಾಲ್ಕೈದು ದಿನ ಊರಿಗೆ ಹೋಗೋದಾದ್ರೆ ಬೀರುವಿಗೆ ಹಾಕಿ.

ಬಂದ ದಿನವೇ ಪ್ಯಾಕೆಟ್ ಬಿಚ್ಚೋದನ್ನ ವಿಡಿಯೋ ಮಾಡಿ, ಆನ್‌ಲೈನ್ ಕೀ ಟೆಸ್ಟರ್ ತೆಗೆದು ಒಂದೊಂದೇ ಕೀ ಒತ್ತಿ ನೋಡಿ, ವಾಪಸ್ ಕಳಿಸೋ ಅವಧಿ ಮುಗಿಯೋದ್ರೊಳಗೆ ತಕರಾರಿದ್ರೆ ಹೇಳ್ಬೇಕು. ಸ್ವಿಚ್ ಹಾಕುವಾಗ ಕೆಳಗಿನ ಎರಡು ತಾಮ್ರದ ಕಾಲು ನೆಟ್ಟಗೆ ಇದ್ಯಾ ಅಂತ ಪ್ರತಿ ಸಲ ನೋಡಿ, ಸೊಟ್ಟ ಇದ್ರೆ ಚಿಮಟದಲ್ಲಿ ನೆಟ್ಟಗೆ ಮಾಡ್ಕೊಂಡು ಆಮೇಲೆ ನೇರ ಕೆಳಗೆ ಒತ್ತಿ. ಓರೆ ಒತ್ತಿದ್ರೆ ಕಾಲು ಮಡಚಿಕೊಳ್ತದೆ, ಜೋರು ಮಾಡಿದ್ರೆ ಅಡಿಯ ಸಾಕೆಟ್ಟೇ ಬೋರ್ಡಿಂದ ಕಿತ್ತು ಬರ್ತದೆ, ಆಗ ನನ್ನತ್ರ ತರ್ಬೇಕಾಗ್ತದೆ. ತೆಗೆಯುವಾಗ್ಲೂ ಅಷ್ಟೇ, ಪುಲ್ಲರ್‌ನ ಹಲ್ಲು ಸ್ವಿಚ್ಚಿನ ಮೇಲೂ ಕೆಳಗೂ ಇರೋ ಕ್ಲಿಪ್ ಒತ್ತಿ ಹಿಡಿದ್ಮೇಲೆ ನೇರ ಮೇಲಕ್ಕೆ ಎಳೀರಿ.

ವಿರಾಜಪೇಟೆ_ಡಿಟಿಪಿ:
ತಂಗಿ, ಕೀಬೋರ್ಡ್ ಬಂದ್ಮೇಲೆ ಹೆಬ್ಬೆರಳ ಶಿಫ್ಟ್ ಹೇಗೆ ಸೆಟ್ ಮಾಡಿದೆ ಅಂತ ಇಲ್ಲೇ ಬರಿ. ನಮ್ಮಲ್ಲಿ ಕಲೀತಿರೋ ಹುಡುಗೀರಿಗೂ ಅದನ್ನೇ ಮಾಡಿಕೊಡ್ಬೇಕು, ಅವರ ಕೈ ಈಗ್ಲೇ ಕೆಡೋದು ಬೇಡ.